ಕಿತ್ತು ನೆಟ್ಟ ಕೆಂಪು ಬಾವುಟ

ಫೆಬ್ರವರಿ 11, ಬೆಳಿಗ್ಗೆ 7.20
ಕಾಳಕ್ಕನ ಈರುಳ್ಳಿ ಹೊಲದ ಬೋರಿನಲ್ಲಿ ನೀರಿಲ್ಲ, ಕಪ್ಪು ಕೆಸರು ಬರುತ್ತಿದೆ. ಫೋನಿನಲ್ಲಿ ತಿಳಿಸಿದವನು ಪಕ್ಕದ ಕುರಿರೊಪ್ಪದ ಗುಡ್ಡಪ್ಪ. ನಿನ್ನೆ ಅಲ್ಲೇ ಸರ್ವೇಗೆ ಮದ್ದು ಸಿಡಿಸಿದ್ದೆವು. ಇವತ್ತಿನ ಸರ್ವೇ ಲೈನ್ ಬಿಟ್ಟು ಮೊದಲು ಅಲ್ಲಿಗೆ.

ಮಧ್ಯಾಹ್ನ 1.00
ಐಮಂಗಲದ ಹೊಲಗಳ ಕೆಳಗಿರುವುದು ಕಲ್ಲಿದ್ದಲೋ, ಬರೀ ಕಪ್ಪು ಕಲ್ಲೋ — ನಮ್ಮ ಸೈಸ್ಮಿಕ್ ಸರ್ವೇ ಅದಕ್ಕೆ. ಕೆಂಪು ಬಾವುಟ ನೆಟ್ಟಲ್ಲಿ ಕುಳಿ ಕೊರೆದು, ಸಣ್ಣ ಮದ್ದು ಸಿಡಿಸಿ, ನೆಲದ ಕಂಪನ ಅಳೆಯುತ್ತೇವೆ. ಬೋರಿಗೆ ನೂರು ಮೀಟರ್ ಬಿಡಬೇಕು. ಕುಳಿಯಿಂದ ಬೋರಿಗೆ ಟೇಪು ಹಿಡಿದೆ. ಮೂವತ್ತೆಂಟು.
ಲಾಗ್ ಪುಸ್ತಕದಲ್ಲಿ ನನ್ನದೇ ಕೈಬರಹ: 110.
"ಬಾವುಟ ನಾನೇ ಕಿತ್ತಿದ್ದು. ರೊಪ್ಪದ ನಡುವೆ ನೆಟ್ಟಿದ್ರಿ, ಮರಿ ತಿಂದಾವು ಅಂತ ಆಚೆ ಬೋರಿನ ಕಡೀಗೆ ನೆಟ್ಟೆ. ಬೀಳಬಾರ್ದು ಅಂತ ಕಲ್ಲು ಬ್ಯಾರೆ ಇಟ್ಟೀನಿ," ಎಂದ ಗುಡ್ಡಪ್ಪ.
"ಕುರಿ ಅಟ್ಟಿ ಅಟ್ಟಿ ಬಾವುಟಾನೂ ಅಟ್ಯಾನೆ," ಎಂದಳು ಕಾಳಕ್ಕ. ನನ್ನ ಕಡೆ ತಿರುಗಿದಳು. "ಇದ್ಲು ಸಿಕ್ತೇನಪ್ಪ? ನನ್ನ ನೀರಂತೂ ಇದ್ಲು ಬಣ್ಣ ಆಗೈತೆ. ಮದ್ದು ಇಡೋ ಮುಂಚೆ ಅಳೀಲಿಲ್ವಾ?"
ಅಳೆಯಲಿಲ್ಲ. ಬಾವುಟ ನೆಟ್ಟ ದಿನದ ಅಂಕಿ ನಕಲು ಮಾಡಿದ್ದೆ.

ಫೆಬ್ರವರಿ 12
ಕ್ಯಾಂಪ್ ಮ್ಯಾನೇಜರ್ ರಘುನಾಥ್ ನನ್ನ ಹೆಸರಿನಲ್ಲಿ ಹೇಳಿಕೆ ಟೈಪ್ ಮಾಡಿಸಿದ್ದಾರೆ. ಅದರಲ್ಲಿರುವುದು ಇಷ್ಟೇ: ಬಾವುಟ ಊರಿನವರು ಸರಿಸಿದರು. ನಾವು ಅಳೆದಾಗ 110 ಇತ್ತು.
"ಸುಳ್ಳೇನಿದೆ ಇದರಲ್ಲಿ? ಸಹಿ ಹಾಕು. ಇಲ್ಲ ಅಂದ್ರೆ ಮುಂದಿನ ಕ್ಯಾಂಪಿಗೆ ನಿನ್ನ ಹೆಸರು ಇರಲ್ಲ."
ಎರಡು ಸಲ ಓದಿದೆ. ಒಂದು ಸಾಲೂ ಸುಳ್ಳಲ್ಲ. ಅಳೆದ ತಾರೀಖು ಮಾತ್ರ ಇಲ್ಲ.
ಸಹಿ ಬಿದ್ದರೆ ಕಾಳಕ್ಕನಿಗೆ ಹೊಸ ಬೋರು ಕೊರೆಸುವ ಖರ್ಚು ಗುಡ್ಡಪ್ಪನ ತಲೆಗೆ. ನಾಳೆ ಹಾಕುತ್ತೇನೆ ಎಂದೆ…

ಫೆಬ್ರವರಿ 16, ಸಂಜೆ 5.40
ಮೂರು ದಿನ ಬರೆದಿಲ್ಲ. ಸಹಿಯನ್ನೂ ಹಾಕಿಲ್ಲ.
ಇವತ್ತು ಹೊಲದ ಕಡೆ ಹೋಗಿದ್ದೆ. ಕಾಳಕ್ಕನ ಮಡಿಗಳಲ್ಲಿ ಈರುಳ್ಳಿ ಎಲೆಗಳ ತುದಿ ಹಳದಿ. ಗುಡ್ಡಪ್ಪ ತನ್ನ ಕುರಿಗಳ ತೊಟ್ಟಿಯಿಂದ ಅಲ್ಲಿಗೆ ಕೊಡ ಹೊರುತ್ತಿದ್ದ.
"ತಪ್ಪು ನಂದೇ ಅಂತ ಒಪ್ಕಂಡೀನಿ. ನೀವು ಯೋಚ್ನೆ ಮಾಡಬ್ಯಾಡ್ರಿ. ಕುಂತ್ಕಳ್ರಿ, ಮಜ್ಜಿಗೆ ಕೊಡ್ತೀನಿ."
ಕುಡಿದೆ. ಲೋಟ ಇಟ್ಟು ಕ್ಯಾಂಪಿಗೆ ವಾಪಸ್ ಬಂದೆ.

ಸಂಜೆ 6.30
ಲಾಗ್ ಪುಸ್ತಕದಲ್ಲಿ 110ರ ಪಕ್ಕ ಇಂಕಿನಲ್ಲಿ ಸೇರಿಸಿದೆ: "ಅಳೆದದ್ದು 8ರಂದು. 10ರಂದು ಮದ್ದು ಇಡುವ ಮೊದಲು ಅಳೆದಿಲ್ಲ. 11ರಂದು ಅಳೆದಾಗ 38." ಕೆಳಗೆ ಸಹಿ, ಇವತ್ತಿನ ತಾರೀಖು.
ರಘುನಾಥ್‌ಗೆ ಹೇಳಿಲ್ಲ.
ನಾಳೆ 11 ಗಂಟೆಗೆ ಪಂಚಾಯಿತಿ ಕಚೇರಿಯಲ್ಲಿ ಬೋರು ಕೆಟ್ಟದ್ದರ ವಿಚಾರಣೆ. ಲಾಗ್ ಪುಸ್ತಕ ಓದಿ ಹೇಳಬೇಕಾದವನು ನಾನು.