ಚಿವುಟಿದ ಚಿಗುರು

ಬಿಟ್ಟಂಗಾಲ
ಫೆಬ್ರವರಿ ೯, ಸೋಮವಾರ

ಪ್ರೀತಿಯ ಸೊಸೆ ಶೋಭಿತಾ,

ಆರೋಗ್ಯವಾಗಿದ್ದೀಯಲ್ಲ? ನಿನ್ನ ಅಜ್ಜಿಯ ಮಂಡಿನೋವು ಹೇಗಿದೆ? ನಿಮ್ಮೂರು ಕರಿಕೆಯ ಚಳಿಗೆ ಎಣ್ಣೆ ಬಿಸಿ ಮಾಡಿ ಹಚ್ಚು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಗಂಡ ಅಭಿಲಾಷ್ ಫೋನ್ ಮಾಡುತ್ತಾನೆ, ನೀನು ಕಟ್ ಮಾಡುತ್ತೀಯ, ಅವನು ಬಂದು ನಾಯಿಯ ಮೇಲೆ ರೇಗುತ್ತಾನೆ. ನಾನು ಫೋನ್ ಹಿಡಿದರೆ ನಿನ್ನ ಅತ್ತೆ ಪಕ್ಕದಲ್ಲೇ ಕಿವಿಗೊಟ್ಟು ನಿಲ್ಲುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನ ಟೊಮೆಟೊ ಕಾಯಿ ಬಿಟ್ಟಿದೆ. ನಿನ್ನ ಅಜ್ಜಿ ವರ್ಷ ವರ್ಷವೂ ಬೂದಿಯಲ್ಲಿ ಹೊರಳಿಸಿ ಉಳಿಸಿಕೊಂಡು ಬಂದ ಬೀಜ, ನೀನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದು ನಮ್ಮ ಹಿತ್ತಲಲ್ಲಿ ಬಿತ್ತಿದ್ದು, ಹುಸಿಯಾಗಲಿಲ್ಲ. ಸಣ್ಣ ಕುಂಬಳಕಾಯಿಯ ಹಾಗೆ ಮಡಿಕೆ ಮಡಿಕೆ, ಒಂದೊಂದೂ ಅಂಗೈ ತುಂಬುತ್ತದೆ. ಅಮ್ಮತ್ತಿ ಸಂತೆಯಲ್ಲಿ ಇಂಥದ್ದು ನಾನು ನೋಡಿಲ್ಲ.

ಆ ದಿನ ನೀನು ಹಿತ್ತಲಿಗೆ ಬಂದಾಗ ಗಿಡಗಳ ಪಕ್ಕದ ಚಿಗುರೆಲ್ಲ ನೆಲದಲ್ಲಿ ಬಿದ್ದಿತ್ತು, ಎರಡು ಗಿಡಕ್ಕೆ ತಲೆಯೇ ಇರಲಿಲ್ಲ. "ನನ್ನ ತವರಿಂದು ಏನೂ ಈ ಮನೇಲಿ ಬೆಳೀಬಾರ್ದು ಅಲ್ವಾ ಅತ್ತೆ?" ಅಂದೆ. ಬ್ಯಾಗ್ ಹಿಡಿದು ತವರಿಗೆ ಹೊರಟೆ. ಒಂದು ಮಾತು ಕೇಳು ಮಗಳೇ. ನಿನ್ನ ಅತ್ತೆ ಹುಡುಗಿಯಾಗಿದ್ದಾಗಿನಿಂದ ಎಸ್ಟೇಟಿನಲ್ಲಿ ಫಸಲು ಹೆಚ್ಚಲೆಂದು ಕಾಫಿಗಿಡದ ಬೇಡದ ಚಿಗುರು ತೆಗೆದವಳು. ಮದುವೆಮನೆಯ ಚಪ್ಪರಕ್ಕೆ ಕಟ್ಟಿದ ಕೊಂಬೆಯಲ್ಲೂ ಚಿಗುರು ಕಂಡರೆ ಚಿವುಟುತ್ತಾಳೆ. ಟೊಮೆಟೊವನ್ನೂ ಕಾಫಿ ಅಂದುಕೊಂಡಳು, ಅಷ್ಟೇ. ತಲೆ ಚಿವುಟಿದ ಆ ಎರಡು ಗಿಡ ಮೋಟಾಗಿಯೇ ನಿಂತಿವೆ. ಅದು ಅವಳ ತಪ್ಪೇ, ನಾನು ಇಲ್ಲವೆನ್ನುವುದಿಲ್ಲ.

ಆದರೆ ನೀನು ಹೋದ ಮೇಲೆ ಅವಳು ಮಾಡಿದ್ದು ನಿನಗೆ ಗೊತ್ತಿಲ್ಲ. ಬಿದ್ದ ಚಿಗುರನ್ನೆಲ್ಲ ಆರಿಸಿ, ಕಾಫಿ ಸಸಿಯ ಕಪ್ಪು ಕವರಿನಲ್ಲಿ ಮಣ್ಣು ತುಂಬಿ ನೆಟ್ಟಳು. ಬೇರು ಬಂತು. ಈಗ ನಮ್ಮ ಜಗಲಿಯಲ್ಲಿ ನಡೆಯಲು ಜಾಗವಿಲ್ಲ. ಪಕ್ಕದ ಮನೆಯವಳು ಒಂದು ಸಸಿ ಕೇಳಿದ್ದಕ್ಕೆ, "ನನ್ನ ಸೊಸೆ ಗಿಡ, ಅವ್ಳು ಬಂದು ಕೊಟ್ರೆ ತಗೋ" ಅಂದಳು. ಮೊದಲ ಹಣ್ಣು ಕೆಂಪಾಗಿದೆ. ಸಾರಿಗೆ ಕೇಳಿದ ನನಗೂ ಮುಟ್ಟಲು ಬಿಡಲಿಲ್ಲ. ಬೀಜಕ್ಕೆ ಯಾವ ಹಣ್ಣು ಬಿಡಬೇಕೆಂದು ನೀನೇ ಹೇಳಬೇಕಂತೆ. ನೀನು ಬರುತ್ತೀಯ, ನನಗೆ ಅನುಮಾನವೇ ಇಲ್ಲ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ತುಂಬು ಮನಸ್ಸಿನ ಹಾರೈಕೆ.

ನಿನ್ನ ಮಾವ,
ಪದ್ಮಯ್ಯ

ಮರೆತೆ: ಅವಳು ಕೋಳಿ ಕೂಡಿಹಾಕಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಬರುವ ಭಾನುವಾರ ನಿನ್ನನ್ನು ಕರೆಯಲು ಅವಳೇ ಬರುತ್ತಾಳೆ, ಒಬ್ಬಳೇ, ಬಸ್ಸಿನಲ್ಲಿ. ಕರಿಕೆ ದಾರಿಯ ತಿರುವುಗಳಿಗೆ ಹೆದರಿ ನಿಮ್ಮ ಮದುವೆಯ ಮಾತುಕತೆಗೂ ಬಾರದೆ ಉಳಿದವಳು. ಅವಳಿಗೆ ದಾರಿಯುದ್ದಕ್ಕೂ ವಾಂತಿಯಾಗುತ್ತದೆ. ಬಂದ ಕೂಡಲೇ ಏನೂ ಕೇಳಬೇಡ. ಮೊದಲು ಕುಡಿಯಲು ನೀರು ಕೊಡು, ಆಮೇಲೆ ಬೇಕಾದಷ್ಟು ಬೈಯಿ.