ತವರು ಬಿಟ್ಟ ಅಕ್ಷರ

ಫೆಬ್ರವರಿ 3, ಬೆಳಿಗ್ಗೆ

ಅತ್ತೆಗೆ ಮಾತ್ರೆ ಆಯಿತು, ಹಾಲು ಆಯಿತು. ಮಾತು — ಇಲ್ಲ. ಸ್ಟ್ರೋಕ್ ಆಗಿ ತಿಂಗಳಾಯಿತು. ಊರಿಗೆಲ್ಲ ಫ್ರೆಂಚ್ ಕಲಿಸಿದವರು, ಈಗ ನೀರು ಬೇಕೆಂದರೂ ಚಮಚದಿಂದ ಲೋಟ ಬಡಿಯುತ್ತಾರೆ.

ಸ್ಪೀಚ್ ಥೆರಪಿಸ್ಟ್ ಬಂದಿದ್ದಳು. ಎಡಗೈಯಲ್ಲಿ ಮೇಜು ತಟ್ಟಿಸಬೇಕಂತೆ, ಒಂದೊಂದು ಬಡಿತಕ್ಕೆ ಪದದ ಒಂದೊಂದು ತುಂಡು. "ಬಾಯಿಗೆ ಪಳಗಿದ ಪದ ಯಾವ್ದಾದ್ರೂ ಸರಿ ಮೇಡಂ. ಅವ್ರದ್ದು ಫ್ರೆಂಚ್ ಅಲ್ವಾ? ಅದನ್ನೇ ಹಿಡೀರಿ."

ನನಗೋ ಅದು ಕಬ್ಬಿಣದ ಕಡಲೆ.

ಫೆಬ್ರವರಿ 5

ಅತ್ತೆಯ ಕ್ಲಾಸಿನ ಚಾರ್ಟ್ ಗೋಡೆಗೆ ಅಂಟಿಸಿದೆ. ಒಂದೇ ಬೇರಿನ ಫ್ರೆಂಚ್ ಪದಗಳು, ಪಕ್ಕದಲ್ಲಿ ಕನ್ನಡ ಅರ್ಥ — ಹಾಡು, ಹಾಡುವುದು, ಹಾಡುಗಾರ... ಬೇರು ಮಾತ್ರ ಕೆಂಪಿನಲ್ಲಿ. 'ಹಾಡುವುದು' ಎಂಬುದನ್ನು ಹಿಡಿದು, ಕೆಂಪು ಮುಗಿದಲ್ಲೇ ಕತ್ತರಿಸಿ ತಟ್ಟಿದೆ: ಶಾಂತ್-ಏ. ಅತ್ತೆ ಮುಖ ಸಿಂಡರಿಸಿದರು. ಮತ್ತೆ ತಟ್ಟಿದೆ. ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿಯೇಬಿಟ್ಟರು!

ಗಂಡನಿಗೆ ನಗು. "ಬೇರು ಕಣ್ಣಿಗೆ ಕಣೇ, ತುಂಡು ಕಿವಿಗೆ. ಶಾಂ-ತೇ. ಅಮ್ಮ ಕ್ಲಾಸಲ್ಲಿ ಹೇಳೋರು — ಬೇರಿನ ಕೊನೇ ಅಕ್ಷರ ಮನೆಮಗಳಿದ್ದ ಹಾಗೆ. ಮುಂದೆ ಸ್ವರ ಸಿಕ್ಕಿದ್ರೆ ತವರು ಬಿಟ್ಟು ಆ ಮನೆ ಸೇರುತ್ತೆ. ಬರೀ 'ಶಾಂ', ಅಂದ್ರೆ ಹಾಡು, ಅಂದಾಗ ಕೊನೇಲಿ ಬರೆದಿರೋ ತ ಬಾಯೇ ಬಿಡಲ್ಲ. ಹೊಸ ಮನೇಲಿ ನೋಡು — ಶಾಂ-ತೇ, ಶಾಂ-ತರ್ — ಖಣಖಣ ಮಾತು!"

ಎಂಥ ತಲೆ ಈ ಹೆಂಗಸಿನದು! ವ್ಯಾಕರಣಕ್ಕೂ ಸಂಸಾರ ಹೂಡಿಸಿದ್ದಾರೆ.

ಫೆಬ್ರವರಿ 6

ಚಾರ್ಟಿನ ಕೊನೆಯ ಸಾಲು ಓದಿ ಬೆಚ್ಚಿದೆ. ಆಂ-ಶಾಂ-ತೇ. ನಾನು ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ಕೈ ಹಿಡಿದು ಅತ್ತೆ ಹೇಳಿದ ಪದ. ಬೈದರೇನೋ ಎಂದು ವಾರವಿಡೀ ತುಟಿ ಬಿಚ್ಚಿರಲಿಲ್ಲ ನಾನು. 'ನಿನ್ನನ್ನು ಕಂಡು ಬಲು ಸಂತೋಷ' ಎಂದಿದ್ದರಂತೆ. ಅದೂ ಈ ಹಾಡಿನ ಬೇರಿನದೇ.

ಫೆಬ್ರವರಿ 21

ದಿನಾ ಎರಡು ಹೊತ್ತು ತಟ್ಟುತ್ತೇವೆ. ಬರುವುದು ಬರೀ ಉಸಿರು.

ಡಾಕ್ಟರು ಅತ್ತೆಯ ಎದುರೇ ಅಂದರು, "ಜಾಸ್ತಿ ಆಸೆ ಇಟ್ಕೋಬೇಡಿ." ಗಂಡ ಕಿಟಕಿ ಕಡೆ ತಿರುಗಿದ. ಅತ್ತೆ? ಮನೆಗೆ ಬಂದವರೇ, ಚಪ್ಪಲಿ ಕೂಡ ಬಿಡದೆ, ಮೇಜಿನ ಮುಂದೆ ಕೂತರು. ಟಕ್. ಟಕ್. ಹಟ ಎಂದರೆ ಇದು. ನನಗೆ ಅಳು ಬಂತು — ಹೆಮ್ಮೆಗೆ.

ಮಾರ್ಚ್ 2

'ಶಾಂ' ಬಂತು! ಒಡಕು ದನಿ, ಆದರೂ ದನಿ. ಎರಡನೇ ಬಡಿತಕ್ಕೆ ಮತ್ತೆ ಉಸಿರು. ತ ಇನ್ನೂ ಹೊಸಿಲಲ್ಲೇ ನಿಂತಿದೆ. ನಾನೂ ಹಾಗೇ ನಿಂತಿದ್ದೆ ಅತ್ತೆ, ಒಳಗೆ ಕರೆದುಕೊಂಡವರು ನೀವು ತಾನೇ...

ಮಾರ್ಚ್ 9, ಮಧ್ಯಾಹ್ನ

ಬಟ್ಟೆ ಮಡಿಸಿ ಈಗ ಕೂತೆ. ಪಕ್ಕದ ಕೋಣೆಯಲ್ಲಿ ಅತ್ತೆ ಒಬ್ಬರೇ ತಟ್ಟುತ್ತಿದ್ದಾರೆ. ಲೋಟವಲ್ಲ, ಮೇಜು. ಎರಡಕ್ಕೆ ನಿಲ್ಲಬೇಕಿತ್ತು, ಮೂರು ಬೀಳುತ್ತಿದೆ. ನಾವು ಮೂರರ ಪದ ಇನ್ನೂ ಶುರುವೇ ಮಾಡಿಲ್ಲವಲ್ಲ...

ಆಂ.

ಶಾಂ.

ಪೆನ್ನು ಹಿಡಿದೇ ಕಾಯುತ್ತಿದ್ದೇನೆ. ಬರಲಿ, ದೇವರೇ, ಬರಲಿ —

ತೇ! ಬಂದೆ ಅತ್ತೆ, ಬಂ