ಹನ್ನೆರಡನೇ ತಾರೀಖಿನ ಖಾಲಿ ಸಾಲು

ಮೇ 5, 2025, ಸೋಮವಾರ

ವಾಮಂಜೂರಿನಲ್ಲೇ ಬಸ್ಸು ತಪ್ಪಿತು. ಆಫೀಸು ತಲುಪುವಾಗ ಹತ್ತೂ ಇಪ್ಪತ್ತು. ಫೀಸು ಕೌಂಟರಿನ ಮುಂದೆ ಆಗಲೇ ಕ್ಯೂ. ಕಂಪ್ಯೂಟರಿನಲ್ಲಿ ನಾಝಿಮಾ ಒಬ್ಬಳೇ. ಗುತ್ತಿಗೆ ಕೆಲಸ, ಪಾಪ, ರಜೆ ಹಾಕುವ ಹಾಗಿಲ್ಲ.

ರಿಜಿಸ್ಟ್ರಾರ್ ಕರೆಸಿದರು. ವಿಶ್ವವಿದ್ಯಾಲಯ ಶುರುವಾದಂದಿನಿಂದ ಇಂದಿನವರೆಗಿನ ಫೀಸಿನ ಪಟ್ಟಿ ಬೇಕಂತೆ, ವರ್ಷವಾರು. ಶುಲ್ಕ ಪರಿಷ್ಕರಣಾ ಸಮಿತಿಗೆ. ಪರಿಷ್ಕರಣೆ ಎಂದರೆ ಏರಿಕೆ, ಮತ್ತೇನಲ್ಲ. ಡಿಸೆಂಬರಿನಲ್ಲಿ ನಿವೃತ್ತನಾಗುವ ಸೂಪರಿಂಟೆಂಡೆಂಟನಿಗೆ ಧೂಳು ತಿನ್ನುವ ಕೆಲಸ.

ಮೇ 8

ಇಡೀ ದಿನ ರೆಕಾರ್ಡ್ ರೂಮಿನಲ್ಲಿ. ಹಳೆಯ ಲೆಡ್ಜರುಗಳಲ್ಲಿ ಮೂರೇ ಬಾಬು — ಬೋಧನೆ, ಲೈಬ್ರರಿ, ಪರೀಕ್ಷೆ. ಈಗಿನ ರಸೀದಿಯಲ್ಲಿ ಇಪ್ಪತ್ತೆರಡು. ಆಗಿನ ಇಡೀ ವರ್ಷದ ಫೀಸು ಈಗಿನ ಐಡಿ ಕಾರ್ಡಿಗೂ ಸಾಲದು.

ಆಗ ನಾಲ್ಕನೆಯ ಕಾಲಂ ಒಂದಿತ್ತು. ಮಾಫಿ. ಕಟ್ಟಲಾಗದವರ ಹೆಸರಿನ ಮುಂದೆ ಹಸಿರು ಶಾಯಿಯ ಸಹಿ.

1986–87, ಎಂ.ಕಾಂ. ಇರ್ವಿನ್, ತಂದೆ ಕಜೆಟನ್. ಮಾಫಿ — ಪೂರ್ತಿ.

ನನ್ನದೇ ಹೆಸರು. ಪಪ್ಪ ಕೊಡಿಯಾಲ್‌ಬೈಲಿನ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದರು. ಕೈಯಲ್ಲಿ ಯಾವಾಗಲೂ ಗೋಂದಿನ ವಾಸನೆ. ಫೀಸು ಕಟ್ಟಿ ಬಂದೆ ಎಂದೇ ಹೇಳಿದ್ದರು. ಸಾಯುವವರೆಗೂ ಹಾಗೇ ಹೇಳಿದರು.

1994ರ ನಂತರದ ಲೆಡ್ಜರುಗಳಲ್ಲಿ ಆ ಕಾಲಂ ಇಲ್ಲ. ಸಮಿತಿ ಕೊಟ್ಟ ನಮೂನೆಯಲ್ಲೂ ಅದಕ್ಕೆ ಜಾಗ ಇಲ್ಲ. ಬಿಟ್ಟೆ.

ಮೇ 12

ನಾಲ್ಕನೇ ಸೆಮಿಸ್ಟರ್ ಪರೀಕ್ಷಾ ಅರ್ಜಿಗೆ ದಂಡಸಹಿತ ಕೊನೆಯ ದಿನ. ಐದಕ್ಕೆ ಶಟರ್ ಎಳೆದೆವು. ಬಂದ ಅರ್ಜಿಗಳನ್ನು ಬರೆದಿಡುವ ಇನ್‌ವರ್ಡ್ ರಿಜಿಸ್ಟರಿನ ಪುಟದ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿಯಿತು. ಗೀಟು ಹಾಕಿ ಮುಚ್ಚಬೇಕಿತ್ತು. ಬಸ್ಸಿನ ಗಡಿಬಿಡಿ. ನಾಳೆ ಎಂದುಕೊಂಡೆ.

ಮೇ 15, ಸಂಜೆ

ಮೋಕ್ಷಾ ಅಂತ ಹುಡುಗಿ. ಎಂ.ಎಸ್ಸಿ. ಕೆಮಿಸ್ಟ್ರಿ, ಕೊನೆಯ ಸೆಮಿಸ್ಟರ್. ಬೆಂಗ್ರೆಯವಳು, ತಂದೆಗೆ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಕೆಲಸ. ಸ್ಕಾಲರ್‌ಶಿಪ್ ಬಂದೇ ಬರುತ್ತದೆ, ಕಾಯಿ ಎಂದು ವಿಭಾಗದಲ್ಲಿ ಹೇಳಿದ್ದರಂತೆ. ಹನ್ನೊಂದನೇ ತಾರೀಖಿಗೆ ರಿಜೆಕ್ಟ್ — ಬ್ಯಾಂಕ್ ಖಾತೆಗೂ ಆಧಾರಿಗೂ ಹೆಸರು ತಾಳೆ ಇಲ್ಲ. ಬಾಕಿ ಫೀಸು ಪೂರ್ತಿ ಕಟ್ಟದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ತಂದೆ ಆಗ ಸಮುದ್ರದಲ್ಲಿ. ಬೋಟು ದಡಕ್ಕೆ ಬಂದದ್ದು ನಿನ್ನೆ. ಇಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಕಟ್ಟಿ ಚಲನ್ ಹಿಡಿದು ಬಂದಿದ್ದಾಳೆ.

ಕೊನೆಯ ದಿನ ಮುಗಿದಿದೆ ಎಂದೆ. ಅಳಲಿಲ್ಲ. ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿ ನಿಂತಳು. ಊಟಕ್ಕೆ ಹೋಗಿ ಬಂದೆ. ಅಲ್ಲೇ ಇದ್ದಳು. ಮೂರು ಗಂಟೆಗೂ ಅಲ್ಲೇ.

ಗೀಟು ಹಾಕದೇ ಉಳಿದಿದ್ದ ಆ ಖಾಲಿ ಸಾಲಿನಲ್ಲಿ ಅವಳ ಹೆಸರು ಬರೆದೆ. ತಾರೀಖು 12 ಎಂದು ಸೀಲು ಹೊಡೆದೆ. ಕಂಪ್ಯೂಟರಿಗೆ ಏರಿಸು ಎಂದು ನಾಝಿಮಾಗೆ ಕೊಟ್ಟೆ.

ಅವಳು ಚಲನ್ ನೋಡಿದಳು, ನನ್ನನ್ನು ನೋಡಿದಳು. “ಸರ್, ಇದ್ರಿಂದ ಎಂತ ಆಗ್ಲಿಕ್ಕಿಲ್ಲ ಅಲ್ಲ?”

ಏನೂ ಆಗುವುದಿಲ್ಲ ಎಂದೆ. ಮೂವತ್ತಮೂರು ವರ್ಷದ ಸರ್ವಿಸಿನಲ್ಲಿ ಮೊದಲ ಸಲ. ಮನೆಗೆ ಬರುವಾಗ ಎದೆ ಹಗುರವಾಗಿತ್ತು, ಸುಳ್ಳೇಕೆ.

ಜೂನ್ 20

ಮೋಕ್ಷಾ ಬಂದಿದ್ದಳು. ಪರೀಕ್ಷೆ ಚೆನ್ನಾಗಿ ಆಯಿತಂತೆ. ಬೈಕಂಪಾಡಿಯ ಒಂದು ಪೇಂಟ್ ಕಂಪನಿಯ ಲ್ಯಾಬಿನಲ್ಲಿ ಕೆಲಸವೂ ಆಗಿದೆ. ಸೆಪ್ಟೆಂಬರ್ ಒಂದಕ್ಕೆ ಅಂಕಪಟ್ಟಿಯೊಂದಿಗೆ ಸೇರಬೇಕು. ಅಮ್ಮ ಕೊಟ್ಟದ್ದೆಂದು ಒಣಸಿಗಡಿಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು ಓಡಿದಳು. ಹೆಂಡತಿ ಸಿಂಥಿಯಾ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಚಟ್ನಿ ಮಾಡಿದಳು. ಇಬ್ಬರೂ ಚೆನ್ನಾಗಿ ಉಂಡೆವು.

ಜುಲೈ 22

ಆಡಿಟ್. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಕೈಯಲ್ಲಿ, ಇನ್‌ವರ್ಡ್ ಇನ್ನೊಂದು ಕೈಯಲ್ಲಿ. ಹದಿನೈದಕ್ಕೆ ಕಟ್ಟಿದ ಚಲನ್ ಹನ್ನೆರಡಕ್ಕೆ ಹೇಗೆ ಬಂತು? ಹತ್ತು ನಿಮಿಷದಲ್ಲಿ ಹಿಡಿದರು.

ಕಂಪ್ಯೂಟರಿನ ನಮೂದು ನಾಝಿಮಾಳ ಲಾಗಿನ್‌ನಲ್ಲಿದೆ; ರಿಜಿಸ್ಟರಿನ ಅಕ್ಷರ ಯಾರದೆಂದು ಯಾರೂ ಕೇಳಲಿಲ್ಲ. ಮೆಮೋ ಅವಳಿಗೆ.

ಜುಲೈ 24, ರಾತ್ರಿ

ರಿಜಿಸ್ಟ್ರಾರ್ ನನ್ನೊಬ್ಬನನ್ನೇ ಕೂರಿಸಿ ಮಾತಾಡಿದರು. ಆಪರೇಟರ್ ತಾರೀಖು ತಪ್ಪಾಗಿ ಹಾಕಿದ್ದಾಳೆ ಎಂದಾದರೆ ಅದು ಕ್ಲೆರಿಕಲ್ ತಪ್ಪು. ಅವಳ ಗುತ್ತಿಗೆ ರದ್ದು, ವಿಷಯ ಅಲ್ಲಿಗೆ ಮುಗಿಯಿತು. ಬೇಕೆಂದೇ ಮಾಡಿದ್ದು ಎಂದಾದರೆ ಅರ್ಜಿಯೇ ಅಸಿಂಧು. ವಿದ್ಯಾರ್ಥಿನಿಯ ಪರೀಕ್ಷೆಯೂ.

“ತಡವಾಗಿದೆ, ಅನುಮತಿ ಕೊಡಿ ಅಂತ ಒಂದು ನೋಟ್ ಇಟ್ಟಿದ್ರೆ ವಿಸಿ ಸೈನ್ ಹಾಕ್ತಿದ್ರು ಮಾರಾಯ್ರೆ. ನಿಮಗೆ ಎಂತಕ್ಕೆ ಈ ಉಸಾಬರಿ?”

ಹಾಕುತ್ತಿದ್ದರೇ? ಅಂಥ ಎರಡು ಫೈಲು ಜನವರಿಯಿಂದ ಕುಲಪತಿಗಳ ಮೇಜಿನ ಮೇಲೇ ಇವೆ. ಆದರೂ... ಇಟ್ಟು ನೋಡಬಹುದಿತ್ತು. ನನಗೆ ಅದು ಹೊಳೆಯಲೇ ಇಲ್ಲ.

ನಾಝಿಮಾಳ ಗಂಡನಿಗೆ ಡಯಾಲಿಸಿಸ್, ವಾರಕ್ಕೆರಡು ಸಲ, ಕಂಕನಾಡಿಯ ಆಸ್ಪತ್ರೆಯಲ್ಲಿ. ಸಿಂಥಿಯಾ ಅದೇ ವಾರ್ಡಿನಲ್ಲಿ ನರ್ಸ್. ಅವಳಿಗೆ ಎಲ್ಲ ಹೇಳಿದೆ. ಸತ್ಯ ಬರೆದರೆ ಒಬ್ಬಳು ಹೋಗುತ್ತಾಳೆ, ಬರೆಯದಿದ್ದರೆ ಇನ್ನೊಬ್ಬಳು, ಅಷ್ಟೇ ಅಲ್ಲವೇ ಎಂದಳು.

ಅಷ್ಟೇ.

ಜುಲೈ 25

ಬರೆದು ಕೊಟ್ಟೆ. ನಾನೇ, ಬೇಕೆಂದೇ, ಆಪರೇಟರಿಗೆ ತಿಳಿಸದೆ. ಕೊನೆಯದು ಸುಳ್ಳು.

ಆಗಸ್ಟ್ 18

ಆದೇಶ ಬಂತು. ನನಗೆ ಒಂದು ಇನ್‌ಕ್ರಿಮೆಂಟ್ ಕಡಿತ, ರೆಕಾರ್ಡ್ ಸೆಕ್ಷನ್‌ಗೆ ವರ್ಗ. ನಾಝಿಮಾ ಉಳಿದಳು. ಮೋಕ್ಷಾಳ ನಾಲ್ಕನೇ ಸೆಮಿಸ್ಟರ್ ರದ್ದು. ಮುಂದಿನ ಮೇಯಲ್ಲಿ ಮತ್ತೆ ಬರೆಯಬಹುದು, ಆ ವರ್ಷದ ಶುಲ್ಕ ಕಟ್ಟಿ.

ಆ ವರ್ಷದ ಶುಲ್ಕ ಏರಿಕೆಯ ಸುತ್ತೋಲೆಯೂ ಇಂದೇ ಬಂತು. ಅನುಬಂಧ ಒಂದು — ನಾನು ಮಾಡಿದ ಪಟ್ಟಿ. ಐದು ವರ್ಷದಿಂದ ಸರಿಯಾಗಿ ಏರಿಸಿಲ್ಲ ಎಂಬುದಕ್ಕೆ ಆಧಾರ.

ಆಗಸ್ಟ್ 24, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಬಂದರಿಗೆ. ಫೆರಿಯಲ್ಲಿ ಬೆಂಗ್ರೆ. ಮೋಕ್ಷಾಳ ಮನೆ ತೋರಿಸಲು ಯಾರೋ ಜೊತೆಗೇ ಬಂದರು.

ತಂದೆ ದೇವದಾಸ್ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ತಾಯಿ ದಮಯಂತಿ ಚಾ ತಂದಿಟ್ಟು ಬಾಗಿಲಲ್ಲೇ ನಿಂತರು. ಮೋಕ್ಷಾ ಹೊರಗೆ ಬರಲಿಲ್ಲ. ಒಳಗೆ ಇದ್ದಳು, ಪಾತ್ರೆಯ ಸದ್ದು ಕೇಳುತ್ತಿತ್ತು. ಕಂಪನಿಯವರು ಬೇರೆಯವರನ್ನು ತೆಗೆದುಕೊಂಡರಂತೆ.

ಮುಂದಿನ ವರ್ಷದ ಫೀಸು ನಾನೇ ಕಟ್ಟುತ್ತೇನೆ ಎಂದೆ. ದಾರಿಯುದ್ದಕ್ಕೂ ಈ ಮಾತನ್ನೇ ಸರಿ ಮಾಡಿಕೊಂಡು ಬಂದಿದ್ದೆ.

ದೇವದಾಸ್ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

“ಬೇಡ ಸರ್. ನೀವು ಒಳ್ಳೆಯವರು, ನಮಗೆ ಗೊತ್ತುಂಟು. ಆದ್ರೆ ಅವತ್ತೇ ಆಗುದಿಲ್ಲ ಅಂತ ಹೇಳಿದ್ರೆ ಒಂದು ವರ್ಷ ಹೋಗ್ತಿತ್ತು, ಅಷ್ಟೆ. ಈಗ ಕಳ್ಳಿ ಅಂತ ಹೆಸರೂ ಬಂತಲ್ಲ.”

ಚಾ ಪೂರ್ತಿ ಕುಡಿದೆ. ಬಿಡುವುದು ಸರಿಯಲ್ಲವೆಂದು.

ಸೆಪ್ಟೆಂಬರ್ 17

ರೆಕಾರ್ಡ್ ಸೆಕ್ಷನ್ನಿನಲ್ಲಿ ಟಿ.ಸಿ. ಪುಸ್ತಕ ಇನ್ನೂ ಕೈಯಲ್ಲೇ ಬರೆಯುವುದು.

ಹನ್ನೊಂದೂವರೆಗೆ ಮೋಕ್ಷಾ ಬಂದಳು. ನಾನಿಲ್ಲಿ ಇರುತ್ತೇನೆಂದು ಗೊತ್ತಿರಲಿಲ್ಲ. ಒಂದು ಕ್ಷಣ ತಿರುಗಿ ಹೋಗುವವಳಂತೆ ಕಂಡಳು. ಆಮೇಲೆ ಟಿ.ಸಿ. ಅರ್ಜಿ ಮುಂದಿಟ್ಟಳು. ಮಲ್ಪೆಯ ಮೀನಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ, ಅಲ್ಲೇ ಹಾಸ್ಟೆಲ್.

ಟಿ.ಸಿ. ತೆಗೆದುಕೊಂಡು ಹೋದರೆ ಮೇಯಲ್ಲಿ ಬರೆಯಲಿಕ್ಕಾಗುವುದಿಲ್ಲ, ಒಂದು ಸೆಮಿಸ್ಟರ್ ಮಾತ್ರ ಬಾಕಿ ಉಂಟಲ್ಲ ಎಂದೆ. ಹೌದು ಸರ್ ಎಂದಳು. ಅಷ್ಟೇ.

ಹೆಸರು, ತಂದೆಯ ಹೆಸರು, ಸೇರಿದ ದಿನ ಬರೆದೆ. ನಡತೆ — ಉತ್ತಮ. ನಂತರ ಬಿಟ್ಟುಹೋಗಲು ಕಾರಣ. ಅಲ್ಲಿ ಪೆನ್ನು ನಿಂತಿತು.

“ಎಂತ ಬರೀಲಿ ಮಗಾ?”

“ಯಾವಾಗ್ಲೂ ಎಂತ ಬರೀತೀರಿ ಸರ್?”

ಸ್ವಂತ ಇಚ್ಛೆ ಎಂದೇ ಬರೆಯುವುದು. ಎಲ್ಲರಿಗೂ ಅದೇ. ಅವಳ ಮುಂದೆಯೇ ಬರೆಯಲು ಶುರುಮಾಡಿದೆ. ಸ್ವಂತ ಎಂದು ಬರೆದೆ. ಇನ್ನೊಂದು ಶಬ್ದ ಬರೆಯಲಾಗಲಿಲ್ಲ, ಆ ಜಾಗ ಖಾಲಿ ಬಿಟ್ಟೇ ಸಹಿ ಹಾಕಿದೆ.